ಅರ್ಧ ದುಡ್ಡು ಸರ್ಕಾರದ್ದು, ಆದರೆ ಕೈಗೆ ಬರುವುದಿಲ್ಲ

ಪ್ರಶ್ನೆ: ಕಲಬುರಗಿ ಜಿಲ್ಲೆಯ ಹಳ್ಳಿಯವಳು ನಾನು. ಐದು ವರ್ಷದಿಂದ ಇಬ್ಬರು ಹೆಣ್ಣುಮಕ್ಕಳನ್ನು ಜೊತೆಗಿಟ್ಟುಕೊಂಡು ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದೇನೆ. ಈಗ ಯಂತ್ರ ಹಾಕಬೇಕು. ಒಬ್ಬರು ಬಂದು, 25 ಸಾವಿರ ಕೊಟ್ಟರೆ ಸರ್ಕಾರದಿಂದ ಅರ್ಧ ದುಡ್ಡು ಕೈಗೆ ಕೊಡಿಸ್ತೀನಿ ಅಂತಾರೆ. ಬ್ಯಾಂಕಿನವರು ಹೊಲದ ಪತ್ರ ಕೇಳುತ್ತಿದ್ದಾರೆ. ಯಾರ ಮಾತು ನಂಬಲಿ?

ಉತ್ತರ: ಅರ್ಧ ದುಡ್ಡು ಅನ್ನೋದು ನಿಜ. ಕೈಗೆ ಅನ್ನೋದು ಸುಳ್ಳು.

ಅವರು ಹೇಳಿದ್ದು ಪಿಎಂಎಫ್‌ಎಂಇ ಯೋಜನೆ ಇರಬೇಕು. ಸಣ್ಣ ಆಹಾರ ಘಟಕಗಳಿಗೆಂದೇ ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ್ದು. ವೆಚ್ಚದ ಶೇ 35ರಷ್ಟು ಸಬ್ಸಿಡಿ, ಜಾಸ್ತಿ ಅಂದರೆ 10 ಲಕ್ಷ. ಅದರ ಮೇಲೆ ನಮ್ಮ ರಾಜ್ಯ ಶೇ 15 ಸೇರಿಸಿತು. ಹಾಗಾಗಿ ಒಟ್ಟು ಶೇ 50, ಮಿತಿ 15 ಲಕ್ಷ. ಈ ಯೋಜನೆಯಲ್ಲಿ ಜಿಲ್ಲೆಗೊಂದು ಉತ್ಪನ್ನ ಅಂತ ಗೊತ್ತು ಮಾಡಿದ್ದಾರೆ. ನಿಮ್ಮ ಜಿಲ್ಲೆಯದು ತೊಗರಿ ಅಲ್ವಾ, ರೊಟ್ಟಿಗೆ ಕೊಡ್ತಾರಾ ಅಂತ ಅನುಮಾನ ಬೇಡ. ಕೊಡುತ್ತಾರೆ.

ಪಿಎಂಇಜಿಪಿ ಅಂತ ಇನ್ನೊಂದಿದೆ. ಹಳ್ಳಿಯ ಮಹಿಳೆಯರಿಗೆ ಅದರಲ್ಲೂ ಶೇ 35 ಸಿಗುತ್ತದೆ. ಆದರೆ ಅದು ಹೊಸದಾಗಿ ಶುರು ಮಾಡುವವರಿಗೆ. ನಿಮ್ಮದು ಐದು ವರ್ಷದ ಕಸುಬು, ಅತ್ತ ಹೋಗಬೇಡಿ.

ಈಗ ಲೆಕ್ಕಕ್ಕೆ ಬರೋಣ. ಯಂತ್ರ, ಅದನ್ನು ಕೂರಿಸುವ ಖರ್ಚು ಎಲ್ಲಾ ಸೇರಿ 8 ಲಕ್ಷ ಅಂತ ಇಟ್ಟುಕೊಳ್ಳಿ. ಶೇ 10 ನೀವು ಹಾಕಬೇಕು, ಅಂದರೆ 80 ಸಾವಿರ. ಉಳಿದ 7 ಲಕ್ಷ 20 ಸಾವಿರ ಬ್ಯಾಂಕಿನ ಸಾಲ. ಸಬ್ಸಿಡಿಯ 4 ಲಕ್ಷ ಬರುವುದು ಅದೇ ಬ್ಯಾಂಕಿಗೆ, ನಿಮ್ಮ ಹೆಸರಲ್ಲಿ ಬೇರೆ ಖಾತೆಗೆ. ಮೂರು ವರ್ಷ ಅದನ್ನು ಮುಟ್ಟುವ ಹಾಗಿಲ್ಲ. ಅಷ್ಟೂ ದಿನ ಕಂತು ಸರಿಯಾಗಿ ಕಟ್ಟಿ, ಯಂತ್ರ ಓಡುತ್ತಿದ್ದರೆ ಆಮೇಲೆ ಅದು ಸಾಲಕ್ಕೆ ಜಮೆ ಆಗುತ್ತದೆ. ನಡುವೆ ಬೀಗ ಹಾಕಿದರೆ ಸಬ್ಸಿಡಿ ವಾಪಸ್ ಹೋಗುತ್ತದೆ, ಸಾಲ ಮಾತ್ರ ನಿಮ್ಮ ತಲೆ ಮೇಲೆ ಉಳಿಯುತ್ತದೆ.

ಹೊಲದ ಪತ್ರ ಕೊಡಬೇಡಿ. ಸಣ್ಣ ಉದ್ಯಮದ ಸಾಲ 10 ಲಕ್ಷದೊಳಗಿದ್ದರೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಬ್ಯಾಂಕಿಗೆ ಭದ್ರತೆ ಬೇಕಿದ್ದರೆ ಸಿಜಿಟಿಎಂಎಸ್‌ಇ ಖಾತರಿ ಇದೆ, ಅಂದರೆ ಅಡಮಾನವಿಲ್ಲದ ಸಣ್ಣ ಉದ್ಯಮದ ಸಾಲಕ್ಕೆ ಬ್ಯಾಂಕಿಗೆ ಸಿಗುವ ಜಾಮೀನು. ಈ ಹೆಸರು ಎತ್ತಿದ ಕೂಡಲೇ ಎಷ್ಟೋ ಮ್ಯಾನೇಜರ್‌ಗಳ ದನಿ ಬದಲಾಗುವುದನ್ನು ನೋಡಿದ್ದೇನೆ. ಆದರೂ ಪತ್ರವೇ ಬೇಕು ಅಂದರೆ, ಬರವಣಿಗೆಯಲ್ಲಿ ಕೊಡಿ ಅನ್ನಿ.

ನನಗೆ ನಿಜವಾಗಿ ಚಿಂತೆ ಇರುವುದು ಬೇರೆ ಕಡೆ. ಹಳ್ಳಿಯ ಘಟಕಗಳು ಸಾಮಾನ್ಯವಾಗಿ ಸೊರಗುವುದು ಯಂತ್ರ ಬಂದ ಮೇಲೆ, ಕಾಳು ಕೊಳ್ಳಲು ದುಡ್ಡಿಲ್ಲದೆ. ಕೈಯಲ್ಲಿ ಬಡಿಯುವಾಗ ವಾರಕ್ಕೊಂದು ಚೀಲ ಜೋಳ ತಂದರೆ ಸಾಕಿತ್ತು. ಯಂತ್ರಕ್ಕೆ ಹಾಗಾಗುವುದಿಲ್ಲ. ಹಿಂಗಾರಿ ರಾಶಿ ಆದಾಗ, ಬೆಲೆ ಇಳಿದಿರುವಾಗಲೇ ತಿಂಗಳುಗಟ್ಟಲೆ ಬೇಕಾಗುವ ಜೋಳ ತುಂಬಿಸಿಕೊಳ್ಳಬೇಕು. ಇತ್ತ ಖಾನಾವಳಿಯವರು ಇವತ್ತಿನ ರೊಟ್ಟಿಗೆ ಮುಂದಿನ ತಿಂಗಳು ದುಡ್ಡು ಕೊಡುತ್ತಾರೆ. ಅಷ್ಟರೊಳಗೆ ಕಂತಿನ ದಿನ ಬಂದಿರುತ್ತದೆ. ಅದಕ್ಕೇ ಸಾಲಕ್ಕೆ ಕೊಡುವ ಯೋಜನಾ ವರದಿಯಲ್ಲೇ ದುಡಿಯುವ ಬಂಡವಾಳವನ್ನೂ, ಅಂದರೆ ಕಾಳು ಕೊಳ್ಳುವಂಥ ಖರ್ಚಿನ ದುಡ್ಡನ್ನೂ ತೋರಿಸಿ. ಅದಕ್ಕೆ ಬೇರೆ ಸಿ.ಸಿ. (ಕ್ಯಾಶ್ ಕ್ರೆಡಿಟ್) ಖಾತೆ ಕೇಳಿ. ಬೇಕಾದಾಗ ತೆಗೆದು, ದುಡ್ಡು ಬಂದಾಗ ಕಟ್ಟುವ ಸಾಲದ ಖಾತೆ ಅದು.

ಇನ್ನೊಂದು, ಮನೆಗೆ ತ್ರೀ ಫೇಸ್ ಕರೆಂಟ್ ಇದೆಯಾ? ಯಂತ್ರಕ್ಕೆ ಅದು ಬೇಕಾದರೆ ಅರ್ಜಿ ಮೊದಲೇ ಹಾಕಿ. ಕೊಟೇಶನ್ ಕೊಟ್ಟ ಅಂಗಡಿಯವರಿಗೆ ಮುಂಗಡ ಕೊಡಬೇಡಿ. ಸಾಲ ಮಂಜೂರಾದ ಮೇಲೆ ಬ್ಯಾಂಕೇ ಅವರಿಗೆ ದುಡ್ಡು ಕಳಿಸುತ್ತದೆ.

ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿಗೆ ಆಧಾರ್ ಜೊತೆ ಪ್ಯಾನ್ ಕಾರ್ಡ್ ಬೇಕು, ಒಂದು ಪೈಸೆ ಶುಲ್ಕವಿಲ್ಲ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿಯೂ ನಿಮ್ಮಂಥ ಸಣ್ಣವರಿಗೆ ಭಾರವಲ್ಲ. ಯೋಜನಾ ವರದಿ ಬರೆದುಕೊಡಲು, ಅರ್ಜಿ ತುಂಬಲು, ಬ್ಯಾಂಕಿಗೆ ಓಡಾಡಲು ಪ್ರತಿ ಜಿಲ್ಲೆಯಲ್ಲೂ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಅವರಿಗೆ ಸಂಭಾವನೆ ಕೊಡುವುದು ಸರ್ಕಾರ, ನೀವಲ್ಲ. ಕೃಷಿ ಇಲಾಖೆಯ ಜಿಲ್ಲಾ ಕಚೇರಿಯಲ್ಲೋ, ರಾಜ್ಯದಲ್ಲಿ ಇದನ್ನು ನಡೆಸುವ ಕೆಪೆಕ್‌ನಲ್ಲೋ ಕೇಳಿದರೆ ಅವರ ನಂಬರ್ ಸಿಗುತ್ತದೆ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ, ಅದನ್ನೂ ಅಲ್ಲೇ ವಿಚಾರಿಸಿ. ಇಂಥ ಯೋಜನೆಗಳಿಗೆಲ್ಲ ಒಂದು ಅವಧಿ ಇರುತ್ತದೆ.

ಆ 25 ಸಾವಿರ ಸುಮ್ನೆ ಕೊಡಬೇಡಿ. ನೀವು ಹಾಕಬೇಕಾದ 80 ಸಾವಿರದಲ್ಲಿ ಅಷ್ಟು ಆಗಲೇ ಜೋಡಿಸಿಟ್ಟ ಹಾಗಾಯಿತು.