ಸ್ವಂತ ಮನೆಯ ಅಂಗಳ, ಸಂಘದ ಅಪ್ಪಣೆ

ಪ್ರಶ್ನೆ: ನಾವು ಮೈಸೂರಿನವರು. ಅಮೆರಿಕದ ಟೆಕ್ಸಸ್‌ನಲ್ಲಿ, ಡಲ್ಲಾಸ್ ನಗರದ ಹೊರವಲಯದಲ್ಲಿ ಮೂರು ವರ್ಷಗಳ ಹಿಂದೆ ಸ್ವಂತ ಮನೆ ಕೊಂಡೆವು. ನಮ್ಮ ಅತ್ತೆಯವರು ಬಂದಿದ್ದಾಗ ಅವರ ಆಸೆಯಂತೆ ಮನೆಯ ಮುಂದಿನ ಹುಲ್ಲುಹಾಸಿನ ಮೂಲೆಯಲ್ಲಿ ಎರಡೂವರೆ ಅಡಿ ಎತ್ತರದ ತುಳಸಿಕಟ್ಟೆಯನ್ನು ಇರಿಸಿ, ದಿನವೂ ಸಂಜೆ ದೀಪ ಹಚ್ಚುತ್ತಿದ್ದೆವು. ಈಗ ಬಡಾವಣೆಯ ಮನೆ ಮಾಲೀಕರ ಸಂಘದಿಂದ ಪತ್ರ ಬಂದಿದೆ. ಅನುಮತಿಯಿಲ್ಲದೆ ಮುಂಭಾಗದಲ್ಲಿ ಅಲಂಕಾರದ ವಸ್ತುವನ್ನು ಇಟ್ಟಿದ್ದೇವೆಂದೂ ತೆಗೆಯದಿದ್ದರೆ ದಂಡ ಹಾಕುವುದಾಗಿಯೂ ಅದರಲ್ಲಿ ಬರೆದಿದ್ದಾರೆ. ಸಾಲದ ಕಂತು ನಮ್ಮದು, ಆಸ್ತಿ ತೆರಿಗೆ ನಮ್ಮದು, ಹಾಗಿರುವಾಗ ನಮ್ಮ ಅಂಗಳದಲ್ಲಿ ತುಳಸಿ ಇಡಲು ಇನ್ನೊಬ್ಬರ ಅಪ್ಪಣೆ ಏಕೆ? ಪತ್ರವನ್ನು ಹರಿದುಹಾಕಿ, ಸಂಘದ ವಾರ್ಷಿಕ ಶುಲ್ಕವನ್ನೂ ನಿಲ್ಲಿಸಿಬಿಡೋಣ ಎಂದು ನಮ್ಮ ಯಜಮಾನರು ಹೇಳುತ್ತಿದ್ದಾರೆ.
— ಓದುಗರೊಬ್ಬರು, ಟೆಕ್ಸಸ್

ಉತ್ತರ: ಬೇರೆಲ್ಲಕ್ಕಿಂತ ಮೊದಲು ಎರಡು ಮಾತು: ಪತ್ರವನ್ನು ಜೋಪಾನವಾಗಿಡಿ, ಶುಲ್ಕವನ್ನು ಖಂಡಿತ ನಿಲ್ಲಿಸಬೇಡಿ. ಟೆಕ್ಸಸ್ ಕಾನೂನಿನ ಪ್ರಕಾರ ಸಂಘವು ಕೇವಲ ದಂಡದ ಬಾಕಿಗಾಗಿ ನಿಮ್ಮ ಮನೆಯನ್ನು ಹರಾಜಿಗೆ ಹಾಕಲು ಬರುವುದಿಲ್ಲ. ಆದರೆ ನಿರ್ವಹಣೆಯ ಶುಲ್ಕ ಬಾಕಿ ಉಳಿದರೆ ಮನೆಯ ಮೇಲೆ ಬೋಜ (ಬಾಕಿ ವಸೂಲಿಗಾಗಿ ಆಸ್ತಿಯ ಮೇಲೆ ದಾಖಲಿಸುವ ಹಕ್ಕು) ಹೊರಿಸಿ ಹರಾಜಿನವರೆಗೂ ಹೋಗುವ ಅಧಿಕಾರ ಸಂಘಗಳಿಗೆ ಸಾಮಾನ್ಯವಾಗಿ ಇರುತ್ತದೆ. ನಿಮ್ಮ ಪತ್ರದಲ್ಲಿರುವ ಸಂಗತಿಗಳಲ್ಲಿ ಮನೆಗೇ ಕುತ್ತು ತರಬಲ್ಲದ್ದು ಯಾವುದಾದರೂ ಇದ್ದರೆ ಅದು ಸಂಘದ ಬೆದರಿಕೆಯಲ್ಲ, ಯಜಮಾನರ ಸಲಹೆ.

ಅಪ್ಪಣೆ ಏಕೆ ಎಂಬ ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ನಮ್ಮ ಹಳೆಯ ವಠಾರಗಳಲ್ಲಿ ಬಟ್ಟೆ ಎಲ್ಲಿ ಒಣಗಿಸಬೇಕು, ನಲ್ಲಿಗೆ ಯಾವ ಹೊತ್ತಿನಲ್ಲಿ ಬಿಂದಿಗೆ ಇಡಬೇಕು ಎಂಬುದನ್ನೆಲ್ಲ ಮಾಲೀಕರು ಹೇಳುತ್ತಿದ್ದರು, ಬಾಡಿಗೆಯವರು ಕೇಳುತ್ತಿದ್ದರು. ಸ್ವಂತ ಮನೆ ಎಂದರೆ ಆ ಕಟ್ಟಳೆಗಳಿಂದ ಬಿಡುಗಡೆ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಅಮೆರಿಕದ ಯೋಜಿತ ಬಡಾವಣೆಗಳಲ್ಲಿ ಮಾಲೀಕನೇ ಕಟ್ಟಳೆಗೆ ಒಳಪಟ್ಟಿರುತ್ತಾನೆ. ಬಡಾವಣೆ ನಿರ್ಮಿಸುವಾಗಲೇ ಅದರ ನಿಬಂಧನೆಗಳನ್ನು ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕದ) ದಾಖಲೆಯಲ್ಲಿ ನೋಂದಾಯಿಸಿರುತ್ತಾರೆ. ಆ ನಿಬಂಧನೆಗಳು ನೆಲಕ್ಕೆ ಅಂಟಿಕೊಂಡವು. ನೆಲ ಯಾರ ಕೈಗೆ ಹೋದರೂ, ಕೊಂಡವರು ಅವನ್ನು ಓದಿರಲಿ ಬಿಡಲಿ, ಅವು ಅವರನ್ನು ಕಟ್ಟಿಹಾಕುತ್ತವೆ. ಮನೆ ಕೊಳ್ಳುವ ದಿನ ಸಹಿ ಮಾಡಿದ ಕಾಗದಗಳ ರಾಶಿಯಲ್ಲಿ ಈ ದಸ್ತಾವೇಜಿನ ಉಲ್ಲೇಖವೂ ಇದ್ದಿರಲೇಬೇಕು.

ಆದರೆ ಕರಾರು ಕಾನೂನಿಗಿಂತ ದೊಡ್ಡದಲ್ಲ, ಮತ್ತು ನಿಮ್ಮ ಸಂದರ್ಭದಲ್ಲಿ ಕಾನೂನು ಬಹುಮಟ್ಟಿಗೆ ನಿಮ್ಮ ಕಡೆಗಿದೆ. 2011ರಲ್ಲಿ ಟೆಕ್ಸಸ್ ಶಾಸನಸಭೆ ಮನೆಯ ಪ್ರವೇಶದ್ವಾರದಲ್ಲಿ ಧಾರ್ಮಿಕ ವಸ್ತುಗಳನ್ನು ಇಡುವುದಕ್ಕೆ ಸಂಘಗಳು ಅಡ್ಡಿ ಮಾಡದಂತೆ ನಿಯಮ ತಂದಿತು. ಆಗ ಒಟ್ಟು 25 ಚದರ ಅಂಗುಲದ ಮಿತಿ ಇತ್ತು. ಯೆಹೂದಿಗಳು ಬಾಗಿಲ ಚೌಕಟ್ಟಿಗೆ ಕಟ್ಟುವ ಮೆಜೂಜಾಕ್ಕೆ ಅಷ್ಟು ಸಾಕಾಗುತ್ತಿತ್ತು, ನಮ್ಮ ಮಾವಿನೆಲೆಯ ತೋರಣಕ್ಕೆ ಸಾಲುತ್ತಿರಲಿಲ್ಲ. 2021ರ ತಿದ್ದುಪಡಿ ಆ ಅಳತೆಯನ್ನು ತೆಗೆದುಹಾಕಿತು, ಮತ್ತು ಬಾಗಿಲಿಗಷ್ಟೇ ಇದ್ದ ರಕ್ಷಣೆಯನ್ನು ಮನೆಗೂ ಮನೆಯ ಸುತ್ತಲಿನ ಸ್ವಂತ ಜಾಗಕ್ಕೂ ವಿಸ್ತರಿಸಿತು. ಪ್ರಾಮಾಣಿಕ ಧಾರ್ಮಿಕ ನಂಬಿಕೆಯಿಂದ ಇಟ್ಟ ವಸ್ತುವನ್ನು ನಿಷೇಧಿಸುವ ನಿಯಮವನ್ನು ಸಂಘ ಮಾಡುವಂತಿಲ್ಲ, ಹಿಂದೆ ಮಾಡಿದ್ದರೂ ಜಾರಿಗೊಳಿಸುವಂತಿಲ್ಲ. ದಿನವೂ ದೀಪ ಹಚ್ಚಿ ಪೂಜಿಸುವ ತುಳಸಿಕಟ್ಟೆ ಈ ಮಾತಿನ ವ್ಯಾಪ್ತಿಯೊಳಗೆ ಬರುತ್ತದೆ ಎಂದೇ ನಾನು ತಿಳಿಯುತ್ತೇನೆ. ಸಂಘದವರು ಅದನ್ನು ಅಲಂಕಾರದ ವಸ್ತು ಎಂದು ಕರೆದಿದ್ದಾರೆಂದರೆ ಅವರಿಗೆ ಅದು ಏನೆಂದು ತಿಳಿದಿಲ್ಲವೆಂದೇ ಅರ್ಥ. ಆದ್ದರಿಂದ ನಿಮ್ಮ ಉತ್ತರದಲ್ಲಿ ಮೊದಲು ಅದನ್ನು ವಿವರಿಸಿ.

ಅದೇ ಕಾನೂನು ಕೆಲವು ವಿನಾಯಿತಿಗಳನ್ನೂ ಹೇಳುತ್ತದೆ. ಸಾರ್ವಜನಿಕ ಆರೋಗ್ಯಕ್ಕೆ ಅಥವಾ ಸುರಕ್ಷತೆಗೆ ಅಪಾಯ ತರುವ, ಸಂಘದ ಒಡೆತನದ ಅಥವಾ ಎಲ್ಲರಿಗೂ ಸೇರಿದ ಜಾಗದಲ್ಲಿ ಇಟ್ಟ, ಕಟ್ಟಡದ ಗಡಿ, ನಿವೇಶನದ ಅಂಚಿನಿಂದ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಜಾಗ ಅಥವಾ ಕೊಳವೆ, ತಂತಿಗಳಿಗಾಗಿ ಮೀಸಲಿಟ್ಟ ಈಸ್‌ಮೆಂಟ್ ಪಟ್ಟಿಯನ್ನು ಅತಿಕ್ರಮಿಸಿದ ವಸ್ತುವನ್ನು ತೆಗೆಸಲು ಸಂಘಕ್ಕೆ ಅಧಿಕಾರವಿದೆ. ಹುಲ್ಲುಹಾಸಿನ ಮೂಲೆ ಎಂದು ನೀವು ಬರೆದಿರುವುದರಿಂದ ನನಗೆ ಆತಂಕವಿರುವುದು ಇಲ್ಲಿಯೇ. ಮನೆ ಕೊಂಡಾಗ ಕೊಟ್ಟ ಸರ್ವೆ ನಕ್ಷೆಯನ್ನು ತೆಗೆದು, ರಸ್ತೆಯ ಅಂಚಿನಿಂದ ಕಟ್ಟೆ ಎಷ್ಟು ದೂರವಿದೆ ಎಂದು ಟೇಪು ಹಿಡಿದು ಅಳೆಯಿರಿ. ಅದು ನಿರ್ಬಂಧಿತ ಪಟ್ಟಿಯೊಳಗೆ ಬಿದ್ದಿದ್ದರೆ ಮುಂಬಾಗಿಲಿನ ಹತ್ತಿರಕ್ಕೆ ಸರಿಸಿ. ಅಲ್ಲಿಗೆ ಸಂಘದ ಬಲವಾದ ವಾದವೇ ಬಿದ್ದುಹೋಗುತ್ತದೆ. ದೀಪವನ್ನು ಬಯಲಿನಲ್ಲಿ ಹಚ್ಚಿಡದೆ ಕಟ್ಟೆಯ ಗೂಡಿನೊಳಗೆ ಗಾಜಿನ ಮರೆಯಲ್ಲಿ ಇಡಿ. ಟೆಕ್ಸಸ್ಸಿನ ಬೇಸಿಗೆಯಲ್ಲಿ ಒಣಹುಲ್ಲಿಗೆ ಕಿಡಿ ತಾಗುವ ಭಯ ನೆರೆಯವರಿಗೆ ಇದ್ದರೆ ಅದನ್ನು ಕುಹಕವೆಂದು ಎಣಿಸಬಾರದು. ಉತ್ತರ ಟೆಕ್ಸಸ್ಸಿನ ಚಳಿಗಾಲದ ಹಿಮಕ್ಕೆ ತುಳಸಿ ಉಳಿಯುವುದಿಲ್ಲವಾದ್ದರಿಂದ ಗಿಡವನ್ನು ಕುಂಡದಲ್ಲಿ ಬೆಳೆಸಿ ಆ ಕುಂಡವನ್ನು ಕಟ್ಟೆಯಲ್ಲಿ ಕೂರಿಸಿದರೆ ನಿಮಗೂ ಅನುಕೂಲ.

ಬಳಿಕ ಸಂಘಕ್ಕೆ ಲಿಖಿತ ಉತ್ತರ ಕೊಡಿ. ದಂಡ ವಿಧಿಸುವ ಮೊದಲು ಸಂಘ ಲಿಖಿತ ನೋಟಿಸು ಕೊಡಬೇಕು, ತಪ್ಪು ಸರಿಪಡಿಸಿಕೊಳ್ಳಲು ಸಾಕಷ್ಟು ಕಾಲಾವಕಾಶ ಕೊಡಬೇಕು. ನೋಟಿಸು ಅಂಚೆಗೆ ಬಿದ್ದ 30 ದಿನಗಳೊಳಗೆ ಆಡಳಿತ ಮಂಡಳಿಯ ಮುಂದೆ ವಿಚಾರಣೆ ಕೇಳುವ ಹಕ್ಕು ನಿಮಗಿದೆ. ಈ 30 ದಿನಗಳನ್ನು ಕಳೆದುಕೊಳ್ಳಬೇಡಿ. ದಂಡದ ಮೊತ್ತಗಳ ಪಟ್ಟಿಯನ್ನೂ ಕೇಳಿ ಪಡೆಯಿರಿ. ದಂಡ ಹಾಕುವ ಸಂಘಗಳು ಅಂಥ ಲಿಖಿತ ನೀತಿಯನ್ನು ಹೊಂದಿರಲೇಬೇಕೆಂಬ ಕಾನೂನು 2024ರ ಜನವರಿಯಿಂದ ಟೆಕ್ಸಸ್ಸಿನಲ್ಲಿ ಜಾರಿಯಲ್ಲಿದೆ. 2021ರ ತಿದ್ದುಪಡಿಯನ್ನು ಉಲ್ಲೇಖಿಸಿ, ಹಕ್ಕನ್ನು ಬಿಟ್ಟುಕೊಡುತ್ತಿಲ್ಲವೆಂದು ಸ್ಪಷ್ಟಪಡಿಸಿ, ಅದರ ಜೊತೆಗೇ ಅನುಮತಿಯ ಅರ್ಜಿಯನ್ನೂ ಸಲ್ಲಿಸುವುದರಲ್ಲಿ ಅವಮಾನವೇನೂ ಇಲ್ಲ. ಆಗಲೂ ಮಂಡಳಿ ಒಪ್ಪದಿದ್ದರೆ ಆಸ್ತಿ ವ್ಯಾಜ್ಯಗಳನ್ನು ಬಲ್ಲ ಅಲ್ಲಿನ ವಕೀಲರಿಗೆ ಎಲ್ಲ ಕಾಗದಗಳನ್ನೂ ತೋರಿಸಿ.

ನಿಮ್ಮ ಪ್ರಶ್ನೆಯ ಹಿಂದಿರುವ ದೊಡ್ಡ ಪ್ರಶ್ನೆಗೂ ನನ್ನ ಅಭಿಪ್ರಾಯವನ್ನು ಹೇಳಬೇಕು. ನನ್ನ ಜಾಗದಲ್ಲಿ ಯಾರ ಅಪ್ಪಣೆ ಏಕೆ ಎಂಬ ಮಾತನ್ನು ಪಕ್ಕದ ಮನೆಯವರೂ ಆಡಬಹುದು. ತುಕ್ಕು ಹಿಡಿದ ಟ್ರಕ್ಕನ್ನು ನಿಮ್ಮ ಕಿಟಕಿಯ ಎದುರಿಗೆ ವರ್ಷಗಟ್ಟಲೆ ನಿಲ್ಲಿಸಿ ಅವರು ಹಾಗೆಂದರೆ ನಿಮಗೇ ನಿಯಮ ಬೇಕೆನಿಸೀತು. ಶಬ್ದ, ಹೊಲಸು, ಬೆಂಕಿ, ನೀರಿನ ಹರಿವು, ಹೀಗೆ ನೆರೆಯವರ ಬದುಕನ್ನು ಮುಟ್ಟುವ ಸಂಗತಿಗಳಲ್ಲಿ ಸಂಘದ ಮಾತು ನಡೆಯಬೇಕು. ಆದರೆ ಕೇವಲ ಒಬ್ಬರ ಅಭಿರುಚಿಗೆ ಒಗ್ಗದ ಬಣ್ಣ, ಗಿಡ, ಮೂರ್ತಿಗಳ ವಿಷಯದಲ್ಲಿ ಆಸ್ತಿಯ ಬೆಲೆ ಕುಸಿಯುತ್ತದೆ ಎಂಬ ಕಾರಣ ಕೊಟ್ಟು ಅಡ್ಡ ಬರುವುದನ್ನು ನಾನು ಒಪ್ಪುವುದಿಲ್ಲ. ಆ ಕಾರಣಕ್ಕೆ ಒಂದು ಕೆಟ್ಟ ಚರಿತ್ರೆಯಿದೆ. ಬಡಾವಣೆಯ ಮನೆಗಳನ್ನು ಕಪ್ಪು ಜನರಿಗೆ ಮಾರಕೂಡದೆಂಬ ಕರಾರುಗಳನ್ನು ಬರೆದಾಗಲೂ ಅಮೆರಿಕದಲ್ಲಿ ಇದೇ ಕಾರಣವನ್ನು ಕೊಡುತ್ತಿದ್ದರು. ಸೇಂಟ್ ಲೂಯಿಸ್ ನಗರದ ಶೆಲಿ ಕುಟುಂಬದ ಪ್ರಕರಣದಲ್ಲಿ 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದೆಂದು ತೀರ್ಪು ಕೊಟ್ಟಿತು. 1968ರ ವಸತಿ ಕಾನೂನು ವಸತಿಯಲ್ಲಿ ಜನಾಂಗ, ಧರ್ಮ ಮತ್ತು ಮೂಲದೇಶದ ಆಧಾರದ ತಾರತಮ್ಯವನ್ನೇ ನಿಷೇಧಿಸಿತು. ನೀವು ಈ ದಿನ ಆ ಬಡಾವಣೆಯಲ್ಲಿ ಮನೆ ಕೊಂಡಿರುವುದರ ಹಿಂದೆ ಆ ಹೋರಾಟವೂ ಇದೆ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಸ್ವಂತ ಟೌನ್‌ಹೌಸ್ ಇದೆ. ಬಾಲ್ಕನಿಯ ಕಂಬಿಯ ಮೇಲೆ ಸೀರೆ ಒಣಗಿಸಿದ್ದಕ್ಕೆ ಸಂಘ ಎಚ್ಚರಿಕೆ ನೀಡಿದೆ. ಬಿಸಿಲಿನಲ್ಲಿ ಬಟ್ಟೆ ಒಣಗಿಸುವುದೂ ಅಪರಾಧವೇ?
— ಓದುಗರೊಬ್ಬರು, ಕ್ಯಾಲಿಫೋರ್ನಿಯಾ

ಉತ್ತರ: ಅಪರಾಧವಲ್ಲ, ಆದರೆ ಜಾಗ ತಪ್ಪಿದೆ. ನಿಮ್ಮ ಸ್ವಂತ ಬಳಕೆಗೆಂದೇ ಇರುವ ಹಿತ್ತಿಲಿನಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸುವುದನ್ನು ಸಂಘಗಳು ನಿಷೇಧಿಸಬಾರದೆಂಬ ಕಾನೂನನ್ನು ಕ್ಯಾಲಿಫೋರ್ನಿಯಾ 2015ರಲ್ಲಿ ಅಂಗೀಕರಿಸಿತು. ಬಾಲ್ಕನಿ, ಕಂಬಿ, ಚಾವಣಿಗಳನ್ನು ಬಟ್ಟೆಯ ಹಗ್ಗವೆಂದು ಪರಿಗಣಿಸುವಂತಿಲ್ಲ ಎಂದು ಅದೇ ಕಾನೂನು ಹೇಳುತ್ತದೆ. ಹಿತ್ತಿಲಿದ್ದರೆ ಸೀರೆಯನ್ನು ಅಲ್ಲಿ ಹರಡಿ. ಬಾಲ್ಕನಿಯೊಂದೇ ಗತಿಯಾದರೆ ಕಂಬಿಗಿಂತ ತಗ್ಗಾದ ಮಡಚುವ ಸ್ಟ್ಯಾಂಡಿಗೆ ಅನುಮತಿ ಕೇಳಿ. ಇದೇ ರಾಜ್ಯದ ಇನ್ನೊಂದು ಪ್ರಸಂಗವನ್ನು ತಿಳಿಸುತ್ತೇನೆ. ಮನೆಯೊಳಗೆ ಮೂರು ಬೆಕ್ಕುಗಳನ್ನು ಸಾಕಿದ್ದ ಮಹಿಳೆಯೊಬ್ಬರು ಸಂಘದ ದಂಡದ ವಿರುದ್ಧ ಮೊಕದ್ದಮೆ ಹೂಡಿದಾಗ, 1994ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ನೋಂದಾಯಿತ ನಿಬಂಧನೆ ಮನಬಂದಂತೆ ಮಾಡಿದ್ದಲ್ಲವಾದರೆ ಜಾರಿಯಾಗಲೇಬೇಕೆಂದು ಸಂಘದ ಪರ ನಿಂತಿತು. ಆ ಬಳಿಕ ಶಾಸನಸಭೆಯೇ ಕಾನೂನು ತಂದು ಕನಿಷ್ಠ ಒಂದು ಸಾಕುಪ್ರಾಣಿಯ ಹಕ್ಕನ್ನು ಕೊಟ್ಟಿತು. ಈ ವಿಷಯದಲ್ಲಿ ಕೋರ್ಟಿನಲ್ಲಿ ಸಿಗದ್ದು ಶಾಸನಸಭೆಯಲ್ಲಿ ಸಿಕ್ಕಿತು.

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಸಂಘವು ನಾಯಿಗಳನ್ನು ಲಿಫ್ಟಿನಲ್ಲಿ ಒಯ್ಯಬಾರದೆಂದು ಸೂಚನಾಫಲಕದಲ್ಲಿ ಹಾಕಿದೆ. ನಾವು ಎಂಟನೆಯ ಮಹಡಿಯಲ್ಲಿದ್ದೇವೆ. ನಮ್ಮ ನಾಯಿಗೆ ಹನ್ನೊಂದು ವರ್ಷ, ಮೆಟ್ಟಿಲು ಹತ್ತಲಾಗುವುದಿಲ್ಲ. ಬಹುಮತದ ತೀರ್ಮಾನ ಎನ್ನುತ್ತಾರೆ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ಬಹುಮತದಿಂದ ಎಲ್ಲವನ್ನೂ ತೀರ್ಮಾನಿಸಲಾಗುವುದಿಲ್ಲ. ಸಾಕುಪ್ರಾಣಿಗಳನ್ನು ಬಹುಮತದಿಂದಲೂ ನಿಷೇಧಿಸಬಾರದು, ಲಿಫ್ಟಿನಿಂದ ಹೊರಗಿಡಬಾರದು ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಸಾಕುಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನೂ ಲಿಫ್ಟು ಮತ್ತಿತರ ಸಾಮಾನ್ಯ ಸೌಲಭ್ಯಗಳನ್ನು ಬಳಸುವುದನ್ನೂ ತಡೆಯುವ ಬೈಲಾಗಳು ಕಾನೂನುಬಾಹಿರವೆಂದು ಕೇರಳ ಹೈಕೋರ್ಟು 2021ರಲ್ಲಿ ತೀರ್ಪು ನೀಡಿದೆ. ಆ ತೀರ್ಪು ಕರ್ನಾಟಕದ ನ್ಯಾಯಾಲಯಗಳನ್ನು ಕಟ್ಟಿಹಾಕದಿದ್ದರೂ ವಾದಕ್ಕೆ ಬಲ ಕೊಡುತ್ತದೆ. ಫಲಕದಲ್ಲಿರುವ ನಿಯಮ ನೋಂದಾಯಿತ ಬೈಲಾದಲ್ಲಿ ಇದೆಯೇ ಅಥವಾ ಪದಾಧಿಕಾರಿಗಳ ಸೂಚನೆ ಮಾತ್ರವೇ ಎಂದು ಲಿಖಿತವಾಗಿ ಕೇಳಿ. ಟೆಕ್ಸಸ್ಸಿನ ಓದುಗರಿಗೆ ಹೇಳಿದ ಒಂದು ಮಾತು ನಿಮಗೂ ಅನ್ವಯಿಸುತ್ತದೆ: ಲಿಫ್ಟು ಬಳಸಲು ಬಿಡುತ್ತಿಲ್ಲವೆಂದು ನಿರ್ವಹಣಾ ಶುಲ್ಕವನ್ನು ತಡೆಹಿಡಿಯಬೇಡಿ. ಸಾಮಾನ್ಯ ಸೌಲಭ್ಯವನ್ನು ಬಳಸುವುದಿಲ್ಲವೆಂದು ಹೇಳಿ ಮಾಲೀಕರು ವೆಚ್ಚದ ಹೊಣೆಯಿಂದ ತಪ್ಪಿಸಿಕೊಳ್ಳಲು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆ ಅವಕಾಶ ಕೊಡುವುದಿಲ್ಲ.

ನಾಯಿಗೆ ಹೆದರುವ ಮಕ್ಕಳೂ ವಯಸ್ಸಾದವರೂ ನಿಮ್ಮ ಕಟ್ಟಡದಲ್ಲಿ ಇರಬಹುದು, ಅವರಿಗೂ ಆ ಲಿಫ್ಟು ಬೇಕು. ಒಳಗೆ ಯಾರಾದರೂ ಇದ್ದರೆ ಅವರನ್ನು ಕೇಳಿ ಹತ್ತುವುದು, ಹಗ್ಗವನ್ನು ಗಿಡ್ಡ ಹಿಡಿಯುವುದು, ಗಲೀಜಾದರೆ ತಕ್ಷಣ ನೀವೇ ಒರೆಸುವುದು, ಇಷ್ಟನ್ನು ನೀವಾಗಿಯೇ ಬರೆದುಕೊಡಿ. ಅದರ ಜೊತೆಗೆ ರೇಬಿಸ್ ಲಸಿಕೆಯ ದಾಖಲೆಯನ್ನು ಮತ್ತು ಮೆಟ್ಟಿಲು ಹತ್ತಲಾಗದೆಂಬ ಪಶುವೈದ್ಯರ ಪತ್ರವನ್ನು ಲಗತ್ತಿಸಿ, ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸುವಂತೆ ಕಾರ್ಯದರ್ಶಿಯವರಿಗೆ ಅರ್ಜಿ ಕೊಡಿ.