ಗೆಳತಿಯ ಹೆಸರನ್ನು ಬಿಡಬಹುದೇ?

ಪ್ರಶ್ನೆ: ನಾನು ಅಮೆರಿಕದ ಪ್ರಜೆ, ವರ್ಜೀನಿಯಾದಲ್ಲಿದ್ದೇನೆ. ಹೊಸ ಕೆಲಸದ ಭದ್ರತಾ ಅನುಮತಿಗಾಗಿ (ಸರ್ಕಾರದ ಗುಟ್ಟಿನ ಮಾಹಿತಿ ನೋಡಲು ಬೇಕಾದ ಒಪ್ಪಿಗೆ) ಎಸ್‌ಎಫ್-86 ನಮೂನೆ ತುಂಬಬೇಕು. ಅಪ್ಪ, ಅಮ್ಮ ಹಾಸನದಲ್ಲಿದ್ದಾರೆ. ಎರಡು ವರ್ಷದಿಂದ ಜೊತೆಗಿರುವ ಗೆಳತಿ ಭಾರತದ ಪ್ರಜೆ. ಊರಿನಲ್ಲಿ ಇನ್ನೂ ಹೇಳಿಲ್ಲ. ಅವಳ ಹೆಸರನ್ನು ಬಿಡಬಹುದೇ?

ಉತ್ತರ: ಖಂಡಿತ ಬೇಡ. ಬಾಡಿಗೆ ಹಂಚಿಕೊಳ್ಳಲು ಜೊತೆಗಿರುವವರನ್ನು ತನಿಖಾಧಿಕಾರಿಗಳು ಸಂಗಾತಿ ಎಂದು ಎಣಿಸುವುದಿಲ್ಲ. ಒಲವಿನಿಂದ ಜೊತೆಗಿರುವವರನ್ನು 17ನೆಯ ವಿಭಾಗದಲ್ಲಿ ಬರೆಯಲೇಬೇಕು. ಬೇಕೆಂದೇ ಸುಳ್ಳು ಬರೆಯುವುದು ಅಪರಾಧ, ಐದು ವರ್ಷದವರೆಗೆ ಸೆರೆಯಾಗಬಹುದು.

ವಿದೇಶದಲ್ಲಿ ಹೆತ್ತವರಿದ್ದ ಮಾತ್ರಕ್ಕೆ ಅರ್ಜಿ ಬೀಳುವುದಿಲ್ಲ. ಅವರ ಮೂಲಕ ನಿಮ್ಮ ಮೇಲೆ ಯಾರಾದರೂ ಒತ್ತಡ ತರಬಹುದೇ ಎಂದು ನೋಡುತ್ತಾರೆ. ತಂದೆ ಸರ್ಕಾರಿ ನೌಕರರಾಗಿದ್ದರೆ ಅದನ್ನೂ ಬರೆಯಿರಿ. ನಿಜವಾದ ತೊಡಕು ನಿಮ್ಮ ಗುಟ್ಟು: ಮುಚ್ಚಿಟ್ಟದ್ದನ್ನು ಹಿಡಿದು ಬೆದರಿಸಬಹುದು ಎಂಬುದು ತನಿಖಾಧಿಕಾರಿಗಳ ಲೆಕ್ಕ. ಮೊದಲು ಹಾಸನಕ್ಕೆ ಫೋನ್ ಮಾಡಿ.

ಹಿಂದೆ ನಾನೂ ಈ ನಮೂನೆ ತುಂಬಿದ್ದೆ. ಅತ್ತೆಯ ಜನ್ಮದಿನ ಕೇಳಿದರೆ, ‘ರಾಗಿ ಕೊಯ್ಲಿನ ಹೊತ್ತು’ ಎಂದರು! ನವೆಂಬರ್ ಎಂದು ಬರೆದು, ‘ಅಂದಾಜು’ ಎಂಬ ಚೌಕಕ್ಕೆ ಗುರುತು ಹಾಕಿದೆ.