ಸಹೋದ್ಯೋಗಿಗಳು ಪದೇಪದೇ ‘ಒಂದ್ನಿಮಿಷ ಇದೆಯಾ?’ ಅಂತ ಬಂದರೆ ಏನು ಮಾಡಬೇಕು?

ಮೊದಲು ‘ಇಪ್ಪತ್ತೇ ಸೆಕೆಂಡ್’ ಎಂದು ಕೇಳಿ, ಎಲ್ಲಿ ನಿಲ್ಲಿಸಿದಿರಿ, ಮುಂದಿನ ಹೆಜ್ಜೆ ಏನು ಎಂದು ಒಂದು ಸಾಲು ಗೀಚಿಡಿ. ಆಮೇಲೆ ತಲೆಯೆತ್ತಿ. ಅರ್ಧಕ್ಕೆ ಬಿಟ್ಟ ಕೆಲಸ ಮನಸ್ಸಿನಲ್ಲಿ ಸುತ್ತುತ್ತಲೇ ಇರುತ್ತದೆ. ಸಂಶೋಧಕಿ ಸೋಫೀ ಲೆರಾಯ್ 2009ರಲ್ಲಿ ಇದನ್ನೇ ‘ಗಮನದ ಶೇಷ’ ಎಂದು ಕರೆದದ್ದು. ಆ ಒಂದು ಸಾಲು ಇದ್ದರೆ ಎದುರಿಗಿರುವವರ ಮಾತೂ ಕಿವಿಗೆ ಬೀಳುತ್ತದೆ, ವಾಪಸ್ ಬಂದಾಗ ಹುಡುಕಾಟವೂ ತಪ್ಪುತ್ತದೆ.

ನಂತರ ಒಂದೇ ಪ್ರಶ್ನೆ: ‘ಇದಿಲ್ಲದೆ ನಿಮ್ಮ ಕೆಲಸ ಈಗ ನಿಂತಿದೆಯಾ?’ ಹೌದೆಂದರೆ ಮುಗಿಸಿಕೊಡಿ. ಇಲ್ಲವಾದರೆ ‘ಆಮೇಲೆ ನೋಡೋಣ’ ಎನ್ನಬೇಡಿ, ಹತ್ತು ನಿಮಿಷಕ್ಕೆ ಮತ್ತೆ ಹಾಜರಾಗುತ್ತಾರೆ. ‘ಮೂರೂವರೆಗೆ ನಾನೇ ನಿಮ್ಮ ಡೆಸ್ಕಿಗೆ ಬರ್ತೀನಿ’ ಎನ್ನಿ, ಮತ್ತು ಹೋಗಿ. ಅವರ ಜಾಗದಲ್ಲಾದರೆ ಮಾತು ಮುಗಿಸಿ ಎದ್ದುಬರುವುದು ನಿಮ್ಮ ಕೈಯಲ್ಲಿರುತ್ತದೆ.

ಹೆಡ್‌ಫೋನ್ ಹಾಕಿಕೊಂಡರೆ ಯಾರೂ ಮಾತಾಡಿಸುವುದಿಲ್ಲ ಎಂದು ನಂಬಬೇಡಿ. ಬೆಂಗಳೂರಿನ ಓಪನ್ ಆಫೀಸುಗಳಲ್ಲಿ ಬಹಳಷ್ಟು ಜನ ದಿನವಿಡೀ ಹಾಕಿಕೊಂಡೇ ಇರುತ್ತಾರೆ, ಅದಕ್ಕೆ ಅರ್ಥವೇ ಉಳಿದಿಲ್ಲ. ಔಟರ್ ರಿಂಗ್ ರೋಡ್ ಟ್ರಾಫಿಕ್ಕಿನಿಂದ ಟೀಮು ತಡವಾಗಿ ಸೇರುತ್ತದಾ? ಹಾಗಾದರೆ ಬೆಳಗಿನ ಮೊದಲ 90 ನಿಮಿಷ ಕ್ಯಾಲೆಂಡರಿನಲ್ಲಿ ಕಾದಿರಿಸಿ, ಚಾಟ್ ನೋಟಿಫಿಕೇಶನ್ ಆಫ್ ಮಾಡಿ. ಸರ್ವರ್ ಬಿದ್ದರೆ ಫೋನ್ ಮಾಡಲಿ ಎಂದು ಮೊದಲೇ ಹೇಳಿಡಿ, ಇಲ್ಲದಿದ್ದರೆ ಮ್ಯಾನೇಜರಿಗೇ ಸಿಟ್ಟು.

ಒಂದು ವಾರ ಯಾರು, ಯಾವಾಗ, ಏನು ಕೇಳಿದರು ಎಂದು ಬರೆದುಕೊಳ್ಳಿ. ಒಂದೇ ಪ್ರಶ್ನೆ ಮೂರು ಸಲ ಬಂದಿದ್ದರೆ ತಪ್ಪು ಕೇಳಿದವರದ್ದಲ್ಲ, ಅದರ ಉತ್ತರ ಎಲ್ಲೂ ಬರೆದಿಟ್ಟಿಲ್ಲ. ಅರ್ಧ ಪುಟ ಬರೆದು ಟೀಮ್ ಚಾನೆಲ್‌ನಲ್ಲಿ ಪಿನ್ ಮಾಡಿ.